ಮೂರು ಸಲ ಕಳೆದ ಎಮ್ಮೆ

ನಾನೂ ಒಂದು ಕಾಲಕ್ಕೆ ಟಿ.ವಿ.ಯಲ್ಲಿ ವಾರ್ತೆ ಓದುತ್ತಿದ್ದೆ. ಹೀಗೆಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಯಾವ ಟಿ.ವಿ. ಎಂದು ಕೇಳುತ್ತಾರೆ. ಬಸವಕಲ್ಯಾಣದ ನಮ್ಮ ಕೇಬಲ್ ಚಾನೆಲ್ಲು, ಸ್ವಾಮಿ. ಅದರ ಕೀರ್ತಿ ತಂತಿ ಮುಟ್ಟಿದಷ್ಟು ದೂರ ಹಬ್ಬಿತ್ತು. ಪಕ್ಕದ ಹುಮನಾಬಾದಿಗೆ ಹೋದರೆ ನನಗೆ ಬಸ್ಸಿನಲ್ಲಿ ಸೀಟು ಬಿಡುವವರೂ ಇರಲಿಲ್ಲ.

ಮಾಲೀಕರ ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಸುದ್ದಿ ಎಂದರೆ ಉದ್ಘಾಟನೆ, ಸನ್ಮಾನ, ಮತ್ತೆ ಉದ್ಘಾಟನೆ. ನಮ್ಮ ಕ್ಯಾಮೆರಾ ತಡವಾಗಿ ಹೋದರೆ ಕತ್ತರಿಸಿದ ರಿಬ್ಬನ್ನಿಗೆ ಗಂಟು ಹಾಕಿ ಮತ್ತೊಮ್ಮೆ ಕತ್ತರಿಸುತ್ತಿದ್ದರು. ನಗಬೇಡಿ, ಚಾಲುಕ್ಯರ ಶಾಸನಗಳಲ್ಲೂ ದಾನಿಯ ಬಿರುದುಗಳೇ ಅರ್ಧ ಕಲ್ಲು ನುಂಗಿರುತ್ತವೆ. ನಾವು ಆ ಪರಂಪರೆಯವರು.

ಸಂಜೆ ಒಮ್ಮೆ ಓದಿದ ವಾರ್ತೆಯನ್ನೇ ಮರುದಿನ ಬೆಳಿಗ್ಗೆ, ಮಧ್ಯಾಹ್ನ ಮತ್ತೆ ಹಾಕುತ್ತಿದ್ದೆವು. ಒಂದು ಸಂಜೆ ನಾರಾಯಣಪುರದ ಜಗದೇವಿ ಎಂಬ ಹೆಂಗಸಿನ ಎಮ್ಮೆ ಕಳೆದ ಸುದ್ದಿ ಓದಿದೆ: ಎಡಗೊಂಬು ಮುರಿದಿದೆ, ಹಣೆಯ ಮೇಲೆ ಬಿಳಿ ಮಚ್ಚೆ. ಗಂಟೆಯೊಳಗೆ ಯಾರೋ ಗುರುತು ಹಿಡಿದು ಎಮ್ಮೆಯನ್ನು ಅವಳಿಗೆ ಮುಟ್ಟಿಸಿದರು. ಮಾಲೀಕರು ಎದೆ ಉಬ್ಬಿಸಿದರು, ನಾನು ಮೀಸೆ ತಿರುವಿದೆ. ಕ್ಯಾಸೆಟ್ಟು ಬದಲಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಟಿ.ವಿ.ಯಲ್ಲಿ ಎಮ್ಮೆ ಮತ್ತೆ ಕಳೆಯಿತು. ಅದೇ ಹೊತ್ತಿಗೆ ಜಗದೇವಿ ಅದನ್ನು ದನದ ದವಾಖಾನೆಗೆ ಹೊಡೆದುಕೊಂಡು ಬರುತ್ತಿದ್ದಳು. ಚಹಾದಂಗಡಿಯಲ್ಲಿ ವಾರ್ತೆ ನೋಡುತ್ತಿದ್ದ ಮಂದಿ ಹೊರಗೆ ಬಂದು ಕೊಂಬು ನೋಡಿದರು, ಮಚ್ಚೆ ನೋಡಿದರು, ಕಳ್ಳಿ ಸಿಕ್ಕಳೆಂದು ಎಮ್ಮೆಯ ಸಮೇತ ಅವಳನ್ನು ನಮ್ಮ ಬಾಗಿಲಿಗೆ ತಂದರು.

"ತಮ್ಮಾ, ನನ್ನ ಎಮ್ಮಿಗಿ ನಾನೇ ಕಳ್ಳಿ ಆದೆ! ಇಷ್ಟು ಮಂದಿ ಮುಂದ ನನ್ನ ಮಾನ ಹೋಯ್ತಲ್ಲೋ," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಾಚಿಕೆಯಾಯಿತು. ಎಮ್ಮೆ ಇವಳದೇ, ತಪ್ಪು ನಮ್ಮದು ಎಂದು ಗಂಟಲು ಹರಿಯುವಂತೆ ಕೂಗಿ ಹೇಳಿದೆ.

ಗುಂಪಿನಲ್ಲೊಬ್ಬ ಮುಂದೆ ಬಂದ. "ಹಿಂಗ ಹೇಳಿದ್ರ ಹ್ಯಾಂಗ್ರಿ? ಟೀವಿದಾಗ ಹೇಳ್ರಿ, ನಂಬ್ತೀವಿ."

ವಾರ್ತೆ ಓದುವ ಬಾಯಿ ಇದೇ, ಎದುರಿಗೇ ನಿಂತಿದೆ. ಆದರೂ ನಂಬಿಕೆ ಪೆಟ್ಟಿಗೆಯ ಮೇಲೆ. ಕ್ಯಾಮೆರಾ ಹಚ್ಚಿದೆವು. ಎಮ್ಮೆ ಹೊಸ್ತಿಲ ಮೇಲೆ ತಲೆಯಿಟ್ಟು ನಿಂತಿತು, ಜಗದೇವಿ ಪಕ್ಕದಲ್ಲಿ. ಒಮ್ಮೆ ಹೇಳಿ ಮುಗಿಸೋಣ ಎಂದರು ಮಾಲೀಕರು, ಅಂದಿನ ವಾರ್ತೆಯಲ್ಲಿ ಯಾರದೋ ದೊಡ್ಡ ಸನ್ಮಾನವಿತ್ತು.

"ಯಾಕ್ರಿ ಒಮ್ಮೆ?" ಎಂದಳು ಜಗದೇವಿ. "ನನ್ನ ಎಮ್ಮಿ ಮೂರು ಸಲ ಕಳೀಲಾಕ ಬರ್ತದ, ಸಿಕ್ಕಿದ್ದು ಮೂರು ಸಲ ಹೇಳಾಕ ಬರಂಗಿಲ್ಲೇನು?"

ಮೂರು ಸಲವೂ ಹಾಕಿದೆವು, ಸನ್ಮಾನದ ಸುದ್ದಿ ಬಿದ್ದುಹೋಯಿತು. ಮರುದಿನ ಅದೇ ಚಹಾದಂಗಡಿಯವರು ಅವಳನ್ನು ಕರೆದು ಚಹಾ ಕೊಟ್ಟರಂತೆ.

ಆ ಚಾನೆಲ್ಲು ಈಗಿಲ್ಲ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಎಲ್ಲರೂ ವಾರ್ತೆ ಹಂಚುವವರೇ. ಅವರನ್ನು ಬೈಯಲು ಬಾಯಿ ತೆರೆದರೆ ಜಗದೇವಿಯ ಎಮ್ಮೆ ಸಿಕ್ಕ ಸುದ್ದಿ ನೆನಪಾಗುತ್ತದೆ. ಅಷ್ಟು ವರ್ಷ ಓದಿದ ಸುದ್ದಿಗಳಲ್ಲಿ ನಾನು ಕಣ್ಣಾರೆ ಕಂಡು ಓದಿದ್ದು ಅದೊಂದೇ. ಅದೂ ನಾನು ಹುಡುಕಿಕೊಂಡು ಹೋದದ್ದಲ್ಲ, ಸುದ್ದಿಯೇ ನಾಲ್ಕು ಕಾಲಿನಲ್ಲಿ ನಡೆದು ಬಂದಿತ್ತು.