ಅವ್ವ ತಿರುವಿ ಹಾಕಿಸಿದ ಫ್ಯಾನು

ಇವತ್ತು ಬೆಳಿಗ್ಗೆ ಮಗಳ ಕಂಪ್ಯೂಟರ್ ಬಿಚ್ಚಿದೆ. ಕಾದ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಇಳಕಲ್ಲಿನ ನನ್ನ ತವರಿನ ಪಡಸಾಲೆ ಕಣ್ಣ ಮುಂದೆ ಬಂತು.

ಅಲ್ಲಿ ಒಂದು ಬದಿಗೆ ಅವ್ವನ ಕೈಮಗ್ಗ, ಇನ್ನೊಂದು ಬದಿಗೆ ಅಪ್ಪ ಲಗ್ನಪತ್ರಿಕೆ ತಯಾರಿಸುತ್ತಿದ್ದ ಕಂಪ್ಯೂಟರ್. ನೂಲಿನ ಧೂಳು ತುಂಬಿಕೊಂಡು ಅದು ಪದೇ ಪದೇ ಬಿಸಿಯೇರಿ ಬಂದ್ ಆಗುತ್ತಿತ್ತು. ಒಮ್ಮೆ ಅರ್ಧ ಮಾಡಿದ ಪತ್ರಿಕೆ ಅಳಿಸಿಹೋದಾಗ ಅಪ್ಪ ರೇಗಿದರು. "ಒಂದ ಮನ್ಯಾಗ ಎರಡೂ ನಡಿಯಂಗಿಲ್ಲ. ಮಗ್ಗ ತಗದ ಬಿಡೂಣು."

ಅಪ್ಪ ಹೊರಗೆ ಹೋದ ಮೇಲೆ ಅವ್ವ ನನ್ನಿಂದ ಕಂಪ್ಯೂಟರ್ ಚಾಲೂ ಮಾಡಿಸಿ, ರೇಷ್ಮೆಯ ಒಂದು ಎಳೆಯನ್ನು ಅದರ ಪೆಟ್ಟಿಗೆಯ ಮುಂದಿನ ಫ್ಯಾನಿಗೆ ಹಿಡಿದಳು, ಆಮೇಲೆ ಹಿಂದಿನದಕ್ಕೆ ಹಿಡಿದಳು. ಎರಡೂ ಕಡೆ ಎಳೆ ಹೊರಕ್ಕೇ ಹಾರಿತು.

ಅಪ್ಪ ಮರಳಿದಾಗ ಹೇಳಿದಳು: "ಎರಡೂ ಫ್ಯಾನು ಗಾಳಿ ಹೊರಗ ದಬ್ಬಾಕತ್ತಾವ್ರಿ. ಅದಕ್ಕ ಸಂದಿ ಸಂದಿಯಿಂದ ಧೂಳಾ ಒಳಗ ಎಳಕೊಳ್ಳಾಕತ್ತೈತಿ. ಮುಂದಿಂದು ತಿರುವಿ ಹಾಕ್ರಿ."

ಅಪ್ಪ ತಿರುವಿ ಹಾಕಿದರು. ಅವ್ವ ಅದರ ಮುಂದೆ ತೆಳುವಾದ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ಬಿಚ್ಚಿ ಒಗೆಯುತ್ತಿದ್ದಳು. ಕಂಪ್ಯೂಟರ್ ಮತ್ತೆ ಹಾಗೆ ಬಂದ್ ಆಗಲಿಲ್ಲ. ಮಗ್ಗ ತೆಗೆಯುವ ಮಾತನ್ನು ಅಪ್ಪ ಮತ್ತೆಂದೂ ಎತ್ತಲಿಲ್ಲ. ಯಾರಾದರೂ ತಮ್ಮ ಕಂಪ್ಯೂಟರ್ ಬಿಸಿಯಾಗುತ್ತದೆ ಎಂದರೆ, "ನಮ್ಮ ಮನಿಯಾಕಿನ್ನ ಕೇಳ್ರಿ" ಎಂದು ಹೆಮ್ಮೆಯಿಂದ ನಗುತ್ತಿದ್ದರು.

"ಇದರ ಮುಖ ಯಾವ ಕಡಿಗೆ ಮಾಡ್ಲಿ, ಅವ್ವಾ?" ಫ್ಯಾನು ಕೈಯಲ್ಲಿ ಹಿಡಿದು ಮಗಳು ಕೇಳಿದಳು. ಅವಳು ತನ್ನ ಅಜ್ಜಿಯನ್ನು ನೋಡಿಯೇ ಇಲ್ಲ. ಉತ್ತರ ಗೊತ್ತಿದ್ದರೂ, ನಾನು ನೂಲಿನ ಒಂದು ಎಳೆ ತಂದು ಅವಳ ಕೈಗಿಟ್ಟೆ: "ಫ್ಯಾನು ಚಾಲೂ ಮಾಡಿ ಇದನ್ನ ಮುಂದ ಹಿಡದ ನೋಡು."