ಮೊಟ್ಟೆ ಕುಡಿಯುವ ಕೋಳಿ

ನಾನು ಚಿಕ್ಕವನಿದ್ದಾಗ ಮಾಡಿದ ಒಂದು ಕೆಲಸವನ್ನು ನಿಮಗೆ ಹೇಳದೆ ಮುಂದೂಡುತ್ತಲೇ ಬಂದೆ, ಮಕ್ಕಳೇ. ಕೋಳಿ ಸಾಕುವ ಬಗ್ಗೆ ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಹುಂಜವಿಲ್ಲದೆ ಮೊಟ್ಟೆ ಇಡುತ್ತದೆಯೇ, ಚಳಿಗಾಲದಲ್ಲಿ ಯಾಕೆ ನಿಲ್ಲಿಸುತ್ತದೆ, ಎಲ್ಲಕ್ಕೂ. ಆದರೆ ಹೋದ ತಿಂಗಳು ಹಿತ್ತಲ ಕೋಳಿಗೂಡಿನಿಂದ ಒಡೆದ ಚಿಪ್ಪು ಹಿಡಿದು ಬಂದು, “ತಾತ, ಪೆಪ್ಪರ್ ತನ್ನ ಎಗ್ ತಾನೇ ತಿಂತಿದಾಳೆ. ಈಗ ಏನ್ ಮಾಡೋದು?” ಎಂದಾಗ ಕಾಲುನೋವೆಂದು ಒಳಗೆ ಬಂದುಬಿಟ್ಟೆ.

ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ಅಪ್ಪ, ಅಕ್ಕ, ನಾನು ಮೂವರೇ ಇದ್ದೆವು. ಅವ್ವ ತೀರಿಕೊಂಡು ಒಂದು ವರ್ಷವಾಗಿತ್ತು. ಅವಳು ಕಡೆಯ ಸಲ ಕಾವಿಗೆ ಕೂರಿಸಿ ಮಾಡಿಸಿದ ಮರಿಗಳನ್ನೆಲ್ಲ ಹದ್ದು, ಮುಂಗುಸಿ ಒಯ್ದು, ಒಂದು ಕೆಂಚು ಹೇಂಟೆ ಮಾತ್ರ ಉಳಿದಿತ್ತು. ಒಲೆಯ ಪಕ್ಕದ ಬಿದಿರ ಮಕ್ಕರಿಯಲ್ಲಿ ಅದು ಮೊಟ್ಟೆ ಇಡುತ್ತಿತ್ತು. ಅಲ್ಲಿ ಹುಲ್ಲು, ಬೂದಿ, ಗರಿಗಳ ಬೆಚ್ಚನೆಯ ವಾಸನೆ. ಮೊಟ್ಟೆ ಕೂಡಿಸಿ ಅದನ್ನೇ ಕಾವಿಗೆ ಕೂರಿಸಬೇಕು, ಅವ್ವನ ಕೋಳಿಯ ಸಂತಾನ ಮನೆಯಲ್ಲಿ ಉಳಿಯಬೇಕು ಎಂಬುದು ಅಕ್ಕನ ಆಸೆ.

ನನಗೆ ಹಸಿ ಮೊಟ್ಟೆಯ ಚಪಲ. ಮುಳ್ಳಿನಿಂದ ತೂತು ಮಾಡಿ ಹೀರಿ, ಚಿಪ್ಪನ್ನು ಮುರಿದು ಮಕ್ಕರಿಯಲ್ಲೇ ಬಿಡುತ್ತಿದ್ದೆ. ಕೋಳಿಯೇ ಕುಕ್ಕಿದ ಹಾಗೆ ಕಾಣುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಚಿಪ್ಪು ನೋಡಿದ.

“ಮೊಟ್ಟೆ ರುಚಿ ಕಂಡ ಕೋಳಿ ಅದನ್ನ ಬುಡಾಕಿಲ್ಲ. ಕುಯ್ಯದೇಯ.”

ಅಕ್ಕ ಅಡ್ಡ ನಿಂತಳು. “ಇದು ಅಂಥದ್ದಲ್ಲ ಕಣಪ್ಪ. ಇವತ್ತೊಂದಿನ ಬುಡು, ನಾನೇ ಕಾದು ನೋಡ್ತೀನಿ.”

ಅಪ್ಪ ನನ್ನ ಕಡೆ ತಿರುಗಿ, ನೀನು ನೋಡಿದೆಯಾ ಎಂದು ಕೇಳಿದ. ಕದ್ದವರ ಮೇಲೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

“ಹೂಂ. ಕುಕ್ಕಿ ಕುಡೀತಿತ್ತು,” ಅಂದೆ.

ಅಕ್ಕ ನನ್ನನ್ನೇ ನೋಡಿದಳು. ಹತ್ತಿರ ಬಂದು, ನನ್ನ ತುಟಿಯ ಅಂಚಿನಲ್ಲಿ ಒಣಗಿದ್ದ ಹಳದಿಯನ್ನು ಅಪ್ಪನಿಗೆ ಕಾಣದಂತೆ ಹೆಬ್ಬೆರಳಿನಿಂದ ಒರೆಸಿದಳು.

ಮಧ್ಯಾಹ್ನ ಸಾರು ಮಾಡಿದವಳೂ ಅಕ್ಕನೇ. ಕೋಳಿಯ ಹೊಟ್ಟೆಯಲ್ಲಿ ಇನ್ನೂ ಚಿಪ್ಪು ಕಟ್ಟದ ಮೊಟ್ಟೆಗಳು, ಗಜ್ಜುಗದಷ್ಟರಿಂದ ರಾಗಿ ಕಾಳಿನಷ್ಟರವರೆಗೆ, ಹಳದಿ ಗೊಂಚಲಾಗಿದ್ದವು. ನಮ್ಮಲ್ಲಿ ಅದು ಮನೆಯ ಕಿರಿಯರ ಪಾಲು. ಅಕ್ಕ ಅದನ್ನು ನನ್ನ ಮುದ್ದೆಯ ಪಕ್ಕ ಬಡಿಸಿ, “ನಿಂಗಿಷ್ಟ ಅಲ್ವಾ, ತಿನ್ನು,” ಅಂದಳು. ತಾನು ಉಣ್ಣಲಿಲ್ಲ. ನಾನು ತಿಂದೆ. ರುಚಿಯಾಗಿತ್ತು, ಅದನ್ನೂ ಹೇಳಬೇಕು.

ಅಕ್ಕ ಮತ್ತೆ ಕೋಳಿ ಸಾಕಲಿಲ್ಲ. ಆ ಮಾತನ್ನು ಯಾವತ್ತೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳು ತೀರಿಹೋದ ಸುದ್ದಿ ಬಂದಾಗ ನಾನು ನಿಮ್ಮಪ್ಪನ ಕಾರಿನಲ್ಲಿ, ಫ್ರೀವೇಯಲ್ಲಿ, ಪರದೇಶದ ಈ ಸ್ಯಾನ್ ರಮೋನಿನ ಮನೆಗೆ ಬರುತ್ತಿದ್ದೆ.

ನೀವು ಪೆಪ್ಪರಳನ್ನು ಬೈಯಲಿಲ್ಲ. ಗೂಡಿನೊಳಗೆ ಕ್ಯಾಮೆರಾ ಇಟ್ಟು ಎರಡು ದಿನ ನೋಡಿದಿರಿ. ಚಿಪ್ಪು ತೆಳುವಾಗಿ ಮೊಟ್ಟೆ ಅವಳ ಭಾರಕ್ಕೇ ಒಡೆಯುತ್ತಿತ್ತು. ಆಮೇಲಷ್ಟೇ ಅವಳು ಕುಕ್ಕುತ್ತಿದ್ದಳು. ಕಪ್ಪೆಚಿಪ್ಪಿನ ಪುಡಿ ತಂದು ಕಾಳಿನ ಜೊತೆ ಇಟ್ಟಿರಿ. ಈಗ ಚಿಪ್ಪು ಗಟ್ಟಿಯಾಗಿದೆ. ಅಕ್ಕ ಅಂದು ಕೇಳಿದ್ದೂ ಇಷ್ಟೇ, ಒಂದು ದಿನ ಕಾದು ನೋಡುವುದನ್ನು.

ನಿಮ್ಮ ಮೂರು ಕೋಳಿಗಳ ಹೆಸರೂ ನನಗೆ ಬಾಯಿಪಾಠ. ನಮ್ಮ ಕೋಳಿಗೆ ಹೆಸರಿರಲಿಲ್ಲ. ಅಕ್ಕನಿಗೆ ಇತ್ತು, ನಾನೇ ನಿಮಗೆ ಹೇಳಿರಲಿಲ್ಲ. ತಪ್ಪಾಯಿತು ಎಂದು ನಾನು ಒಮ್ಮೆಯೂ ಹೇಳದೆ ಹೋದ ಅವಳ ಹೆಸರು ಚಿಕ್ಕತಾಯಮ್ಮ.