ಅತ್ತೆಯ ಬಕೆಟ್ಟಿನ ತಣ್ಣೀರು

ಬಚ್ಚಲಿನಿಂದ ಹೊರಬರುತ್ತಿದ್ದ ಅತ್ತೆ ಹೊಸ್ತಿಲಲ್ಲಿ ಮುಗ್ಗರಿಸಿದರು. ಬೀಳದಂತೆ ಕೈ ಹಿಡಿದುಕೊಂಡೆ. ಆಗತಾನೇ ಸ್ನಾನ ಮಾಡಿದವರ ಕೈ ತಣ್ಣಗೆ ಕೊರೆಯುತ್ತಿತ್ತು. ಒಳಗೆ ಹೋಗಿ ಬಕೆಟ್ಟಿನಲ್ಲಿ ಉಳಿದಿದ್ದ ನೀರು ಮುಟ್ಟಿ ನೋಡಿದೆ. ಬರೀ ತಣ್ಣೀರು.

"ಸೋಲಾರ್ ಕೆಟ್ಟೈತೇನತ್ತೆ?" ಎಂದು ಗಾಬರಿಯಿಂದ ಕೇಳಿದೆ.

"ಚೆನ್ನಾಗೇ ಐತೆ ಕಣವ್ವ. ಪೈಪಿನಾಗೆ ನಿಂತಿರೋ ಎರಡು ಬಕೀಟು ತಣ್ಣೀರು ಹೋದ್ಮ್ಯಾಲೆ ತಾನೆ ಬಿಸೀದು ಬರೋದು? ಅಷ್ಟು ನೀರು ಮೋರಿಗೆ ಬಿಡಾಕೆ ಮನಸು ಬರ್ಲಿಲ್ಲ. ಅದನ್ನೇ ಮೈಮ್ಯಾಲೆ ಹುಯ್ಕಂತೀನಿ. ಆಮ್ಯಾಲೆ ಮಕ್ಳು ನಲ್ಲಿ ತಿರುವಿದ ಕೂಡ್ಲೆ ಬಿಸಿನೀರು ಸಿಗ್ತೈತೆ."

ಹಿರಿಯೂರಿನ ನಮ್ಮ ಹೊಸ ಬಡಾವಣೆಗೆ ನೀರು ಬಿಡುವುದು ವಾರಕ್ಕೊಮ್ಮೆ. ದೇವರ ದೀಪ ಹಚ್ಚಬೇಕೆಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಸ್ನಾನ ಮಾಡುವವರು ಅತ್ತೆ. ಹಂಡೆ ಒಲೆ ಒಡೆಸಿ ಸೋಲಾರ್ ಹಾಕಿಸಿದಾಗಿನಿಂದ, ಅಂದರೆ ಚಳಿಗಾಲ ಪೂರ್ತಿ, ಅವರು ಮಿಂದದ್ದು ತಣ್ಣೀರಿನಲ್ಲಿ. ದೀಪ ಹಚ್ಚಿದ್ದೇ ಎಳೆಬಿಸಿಲಿಗೆ ಹೋಗಿ ಕೂರುತ್ತಿದ್ದವರನ್ನು, "ಒಳಗೆ ಇಷ್ಟೊಂದು ಕೆಲಸ ಬಿದ್ದೈತೆ, ನೀವಿಲ್ಲಿ ಕುಂತೀರಲ್ಲ" ಎಂದು ನಾನು ಗದರಿದ್ದೂ ಉಂಟು.

ಈಗ ಮೊದಲ ಎರಡು ಬಕೆಟ್ ನೀರನ್ನು ನಾನೇ ಹಿಡಿದು ಪಾತ್ರೆ ತೊಳೆಯಲು ಎತ್ತಿಡುತ್ತೇನೆ. ಮಾಡಬೇಕಿದ್ದುದು ಇಷ್ಟೇ. "ನಮ್ಮ ಅತ್ತೆಗೋಸ್ಕರವೇ ಸೋಲಾರ್ ಹಾಕಿಸಿದ್ದು" ಎಂದು ಮನೆಗೆ ಬಂದವರಿಗೆಲ್ಲ ಹೇಳಿಕೊಂಡಿದ್ದೆ. ನೀರು ಬಿಸಿ ಇತ್ತಾ ಎಂದು ಅವರನ್ನು ಒಂದು ದಿನವೂ ಕೇಳಿರಲಿಲ್ಲ.